ಮತ ಹಾಕಿದರೆ ಹೊಲಕ್ಕೂ ಒಪ್ಪಿಗೆ ಕೊಟ್ಟಂತೆಯೇ?

ಶಹಾಪುರ ತಾಲ್ಲೂಕಿನ ಓದುಗರೊಬ್ಬರ ಪತ್ರ: “ಕೈಗಾರಿಕಾ ಪ್ರದೇಶಕ್ಕೆಂದು ನಮ್ಮ ಹೊಲಕ್ಕೆ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆಯ ನೋಟಿಸ್ ಬಂದಿದೆ. ‘ನೀವೇ ಆರಿಸಿದ ಸರ್ಕಾರ, ಈಗ ಬೇಡ ಅಂದ್ರೆ ಹ್ಯಾಂಗ?’ ಅಂತಾರೆ. ಸಂವಿಧಾನದ 371(ಜೆ) ವಿಧಿ ನಮ್ಮನ್ನು ಕಾಯುವುದಿಲ್ಲವೇ?”

ಸಂಪಾದಕರ ಉತ್ತರ:

ನೀವು ಮತ ಹಾಕಿದ್ದು ಸಂವಿಧಾನದ ಕಟ್ಟಿನೊಳಗೆ ಆಳಲಿ ಎಂದು. ಆ ಕಟ್ಟು ಗೆದ್ದವರಿಗೂ ಉಂಟು. 300ಎ ವಿಧಿಯ ಪ್ರಕಾರ ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ತೆಗೆದುಕೊಳ್ಳುವಂತಿಲ್ಲ. ಪರಿಹಾರ ಕೊಟ್ಟರಷ್ಟೇ ಸಾಲದು. ನೋಟಿಸ್ ಕೊಡಬೇಕು, ಅಹವಾಲು ಕೇಳಬೇಕು, ಕಾರಣ ಬರೆದು ತೀರ್ಮಾನಿಸಬೇಕು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಕೋಲ್ಕತ್ತ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಬಿಡಿಸಿ ಹೇಳಿದೆ.

371(ಜೆ) ನಮ್ಮ ಕಲ್ಯಾಣ ಕರ್ನಾಟಕ ಭಾಗದ ಅಭಿವೃದ್ಧಿ ಮಂಡಳಿ, ಶಿಕ್ಷಣ, ನೌಕರಿಗೆ ಸಂಬಂಧಿಸಿದ್ದು. ಭೂಸ್ವಾಧೀನಕ್ಕೆ ಅದು ಅಡ್ಡ ಬರುವುದಿಲ್ಲ.

2013ರ ಭೂಸ್ವಾಧೀನ ಕಾಯ್ದೆಯಲ್ಲಿ ಖಾಸಗಿ ಕಂಪನಿಗಾದರೆ ಬಾಧಿತ ಕುಟುಂಬಗಳಲ್ಲಿ ಶೇ 80, ಸರ್ಕಾರಿ-ಖಾಸಗಿ ಸಹಭಾಗಿತ್ವಕ್ಕಾದರೆ ಶೇ 70ರಷ್ಟು ಜನ ಮೊದಲೇ ಒಪ್ಪಬೇಕು. ನಿಮಗೆ ಬಂದ ನೋಟಿಸ್ 1966ರ ಕೆಐಎಡಿಬಿ ಕಾಯ್ದೆಯದು. ಅದರಲ್ಲಿ ಇಂಥ ಒಪ್ಪಿಗೆಯ ಷರತ್ತಿಲ್ಲ. ಇದು ದೊಡ್ಡ ಕೊರತೆ ಎಂದೇ ನಮ್ಮ ಅಭಿಪ್ರಾಯ. ಹಾಗಾಗಿ ನಿಮ್ಮ ಮಾತಿಗೆ ಉಳಿದ ಜಾಗ ಆ ಕಾಯ್ದೆಯ 28(2)ನೇ ಸೆಕ್ಷನ್‌ನ ನೋಟಿಸ್. ಅದು ಕೈಸೇರಿದ 30 ದಿನದೊಳಗೆ ವಿಶೇಷ ಭೂಸ್ವಾಧೀನಾಧಿಕಾರಿಗೆ ಲಿಖಿತ ಆಕ್ಷೇಪಣೆ ಕೊಡಿ. “ಜಮೀನು ಕೊಡುವುದಿಲ್ಲ” ಎಂಬ ಒಂದೇ ಸಾಲನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕುವುದು ಸುಲಭ. ಆಮೇಲೆ ಕೋರ್ಟಿಗೂ ಪರಿಶೀಲಿಸಲು ಏನೂ ಉಳಿಯದು. ಸರ್ವೆ ನಂಬರ್, ಎಕರೆ-ಗುಂಟೆ, ಬೆಳೆ, ಬಾವಿ, ಕಾಲುವೆ ನೀರು ಎಲ್ಲಾ ಬರೆಯಿರಿ. ಹತ್ತಿರದಲ್ಲಿ ಬೀಳು ಸರ್ಕಾರಿ ಜಮೀನಿದ್ದರೆ ಅದರ ಸರ್ವೆ ನಂಬರನ್ನೂ ತೋರಿಸಿ. ಖುದ್ದಾಗಿ ಅಹವಾಲು ಹೇಳಲು ಅವಕಾಶ ಕೇಳಿ, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರಿದ್ದರೆ ನೋಟಿಸ್ ತೀರಿಹೋದವರ ಹೆಸರಿಗೇ ಬರುತ್ತದೆ, ಅವಧಿ ಸುಮ್ಮನೆ ಕಳೆದುಹೋಗುತ್ತದೆ. ವಾರಸಾ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿಲ್ಲವೆಂದು ಕೈಕಟ್ಟಿ ಕೂರಬೇಡಿ; ಹೊಲದಲ್ಲಿ ಹಿತಾಸಕ್ತಿ ಇರುವ ವಾರಸುದಾರರೂ ಆಕ್ಷೇಪಿಸಬಹುದು.

ಪರಿಹಾರದ ಒಪ್ಪಂದಪತ್ರಕ್ಕೆ ಅವಸರದಲ್ಲಿ ಸಹಿ ಬೇಡ. 29(2)ರಡಿ ಒಮ್ಮೆ ಒಪ್ಪಿದರೆ ಹೆಚ್ಚಿನ ಪರಿಹಾರ ಕೇಳುವ ದಾರಿ ಮುಚ್ಚುತ್ತದೆ.

28(4)ರ ಅಂತಿಮ ಅಧಿಸೂಚನೆ ಪ್ರಕಟವಾದೊಡನೆ ಜಮೀನು ಸರ್ಕಾರಕ್ಕೆ ಸೇರುತ್ತದೆ. ಆಕ್ಷೇಪಣೆ ಕೇಳದೆಯೇ ಅದನ್ನು ಹೊರಡಿಸಿದ್ದರೆ ಸಂವಿಧಾನದ 226ನೇ ವಿಧಿಯಡಿ ಕಲಬುರಗಿ ಹೈಕೋರ್ಟ್ ಪೀಠಕ್ಕೆ ಕೂಡಲೇ ರಿಟ್ ಅರ್ಜಿ ಹಾಕಿ. ವರ್ಷಗಟ್ಟಲೆ ಕಾದರೆ ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ವಜಾ ಆಗಬಹುದು.