ಮೊದಲ ಇಂಟರ್ನ್‌ಶಿಪ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದೇನೆ. ಇಂಟರ್ನ್‌ಶಾಲಾ, ಲಿಂಕ್ಡ್‌ಇನ್‌ನಲ್ಲಿ ಕಂಡದ್ದಕ್ಕೆಲ್ಲ ಅರ್ಜಿ ಹಾಕಿದೆ, ಒಂದಕ್ಕೂ ಉತ್ತರವಿಲ್ಲ. ಮನೆಯಲ್ಲಿ ಆಫೀಸು ಕೆಲಸದವರು ಯಾರೂ ಇಲ್ಲ, ಒಂದು ಮಾತು ಹೇಳಿಸೋಣವೆಂದರೆ ಪರಿಚಯವೂ ಇಲ್ಲ. ಏನು ಮಾಡಲಿ?
- ವಿದ್ಯಾರ್ಥಿನಿ, ವಿಜಯನಗರ

ಉತ್ತರ: ಆಡಿಟರ್ ಆಫೀಸುಗಳಿಗೆ ನೇರವಾಗಿ ಹೋಗಿ. ಜಯನಗರ, ಬಸವನಗುಡಿ, ಮಲ್ಲೇಶ್ವರ, ರಾಜಾಜಿನಗರದ ಅಡ್ಡರಸ್ತೆಗಳಲ್ಲಿ ಐದಾರು ಜನ ಕೆಲಸ ಮಾಡುವ ಆಫೀಸುಗಳು ಬೇಕಾದಷ್ಟಿವೆ. ಇಂಥವರು ಪೋರ್ಟಲ್‌ನಲ್ಲಿ ಜಾಹೀರಾತು ಹಾಕುವುದು ಅಪರೂಪ.

ಆದರೆ "ಏನಾದರೂ ಕೆಲಸ ಇದ್ದರೆ ಕೊಡಿ ಸರ್" ಎನ್ನಬೇಡಿ. ಏನು ಕೆಲಸ ಕೊಡುವುದೆಂದು ಯೋಚಿಸಲು ಅವರಿಗೆ ಪುರುಸೊತ್ತಿರುವುದಿಲ್ಲ, ಬೇಡ ಎಂದುಬಿಡುತ್ತಾರೆ. ಒಂದೇ ಕೆಲಸವನ್ನು ಚೆನ್ನಾಗಿ ಕಲಿತು, ಅದರ ಹೆಸರು ಹೇಳಿ ಕೇಳಿ. ಖರೀದಿ ಪುಸ್ತಕವನ್ನು ಜಿಎಸ್‌ಟಿಆರ್-2ಬಿ (ಮಾರಾಟಗಾರರು ಸಲ್ಲಿಸಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ಪಟ್ಟಿ) ಜೊತೆ ತಾಳೆ ನೋಡುವುದನ್ನು ಕಲಿಯಿರಿ ಎನ್ನುತ್ತೇನೆ. ಪ್ರತಿ ತಿಂಗಳೂ ಬರುವ, ತಾಳ್ಮೆ ಬೇಡುವ ಕೆಲಸ. ತಪ್ಪಿದರೆ ಕಕ್ಷಿದಾರರ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ಗೇ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಿಂದ ಕಡಿತ ಮಾಡಿಕೊಳ್ಳುವ ಸೌಲಭ್ಯ) ಕುತ್ತು.

ಎಕ್ಸೆಲ್‌ನಲ್ಲಿ ನೀವೇ ಕಲ್ಪಿಸಿದ 40 ಬಿಲ್‌ಗಳ ಎರಡು ಪಟ್ಟಿ ಮಾಡಿ: ಒಂದು ಖರೀದಿ ಪುಸ್ತಕ, ಇನ್ನೊಂದು 2ಬಿ. ಬರೀ ಬಿಲ್ ನಂಬರ್ ಹಿಡಿದು ವಿ-ಲುಕಪ್ (ಒಂದು ಪಟ್ಟಿಯಲ್ಲಿರುವುದನ್ನು ಇನ್ನೊಂದರಲ್ಲಿ ಹುಡುಕುವ ಎಕ್ಸೆಲ್ ಸೂತ್ರ) ಹಾಕಿದರೆ ಕೈಕೊಡುತ್ತದೆ. ಇಬ್ಬರು ಮಾರಾಟಗಾರರ ಬಿಲ್ ನಂಬರ್ ಒಂದೇ ಆಗಿರಬಹುದು. ಒಂದು ಕಡೆ 0045, ಇನ್ನೊಂದು ಕಡೆ ಬರೀ 45 ಇರಬಹುದು. ಮುಂದಿನ ಸೊನ್ನೆಗಳನ್ನು ಎರಡೂ ಪಟ್ಟಿಯಲ್ಲಿ ತೆಗೆದುಹಾಕಿ, ಮಾರಾಟಗಾರರ ಜಿಎಸ್‌ಟಿ ನಂಬರನ್ನೂ ಬಿಲ್ ನಂಬರನ್ನೂ ಒಂದೇ ಕಾಲಮ್ಮಿನಲ್ಲಿ ಜೋಡಿಸಿ ಹುಡುಕಿ. ತಾಳೆಯಾಗದ ಸಾಲುಗಳ ಪಕ್ಕ ಕಾರಣ ಬರೆಯಿರಿ: ಮಾರಾಟಗಾರರು ರಿಟರ್ನ್ ಹಾಕಿಲ್ಲ, ನಂಬರ್ ತಪ್ಪಾಗಿದೆ, ತೆರಿಗೆ ಮೊತ್ತದಲ್ಲಿ ವ್ಯತ್ಯಾಸವಿದೆ, ಹೀಗೆ. ನಿಮಗೆ ವಿಷಯ ಗೊತ್ತಿದೆಯೇ ಎಂಬುದು ಈ ಕಾಲಮ್ಮಿನಲ್ಲೇ ತಿಳಿಯುತ್ತದೆ. ಒಂದು ಪುಟದ ರೆಸ್ಯೂಮೆಗೆ ಇದರ ಪ್ರಿಂಟ್ ಲಗತ್ತಿಸಿ. ಸಂಬಂಧಿಕರ ಅಂಗಡಿಯ ಅಸಲಿ ಬಿಲ್‌ಗಳನ್ನು ಮಾತ್ರ ಬಳಸಬೇಡಿ; ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಮುಂದೆ ಬಿಚ್ಚಿಡುವವರನ್ನು ಯಾವ ಆಡಿಟರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಹೋಗುವ ದಿನವನ್ನೂ ನೋಡಿಕೊಳ್ಳಿ. ತಿಂಗಳ 7ಕ್ಕೆ ಟಿಡಿಎಸ್ (ಪಾವತಿ ಮಾಡುವಾಗಲೇ ಮುರಿದುಕೊಂಡ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕ ಹಾಕಿ ಕಟ್ಟುವ ಜಿಎಸ್‌ಟಿಆರ್-3ಬಿ. 2ಬಿ ಸಿಗುವುದೇ 14ಕ್ಕೆ. ಅಲ್ಲಿಂದ 20ರವರೆಗೆ ಯಾರಿಗೂ ತಲೆ ಎತ್ತಲು ಬಿಡುವಿಲ್ಲ. 21ರ ನಂತರ ಹೋಗಿ. ಮೇ, ಜೂನ್‌ನಲ್ಲಾದರೆ ಇನ್ನೂ ಒಳ್ಳೆಯದು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಆದಾಯ ತೆರಿಗೆ ರಿಟರ್ನ್, ಟ್ಯಾಕ್ಸ್ ಆಡಿಟ್ ಎಂದು ಆಫೀಸಿಗೆ ಜನ ಸಾಲುವುದಿಲ್ಲ. "ಕಾಲೇಜು ಮುಗಿಸಿ ಮಧ್ಯಾಹ್ನ 2ರಿಂದ 6, ಎಂಟು ವಾರ ಬರುತ್ತೇನೆ" ಎಂದು ಖಚಿತವಾಗಿ ಹೇಳಿ. ಸ್ಟೈಪೆಂಡ್ ಎಷ್ಟೆಂದು ಸೇರುವ ಮುಂಚೆಯೇ ಕೇಳಿ, ಅದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ "ನೀವು ಆಯ್ಕೆಯಾಗಿದ್ದೀರಿ, ನೋಂದಣಿಗೆ 2,999 ರೂ. ಕಟ್ಟಿ" ಎಂದು ಆಫರ್ ಲೆಟರ್ ಬಂದಿದೆ. ಇಂಟರ್‌ವ್ಯೂ ಆಗಿಲ್ಲ. ಕಟ್ಟಲೇ?
- ವಿದ್ಯಾರ್ಥಿ, ಯಲಹಂಕ

ಉತ್ತರ: ಕಟ್ಟಬೇಡಿ. ಕೆಲಸ ಕೊಡುವವರು ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಆಧಾರ್ ಪ್ರತಿಯನ್ನೂ ಓಟಿಪಿಯನ್ನೂ ಕೊಡಬೇಡಿ. ಆಗಲೇ ಕಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲೇ ತಡೆಹಿಡಿಸಲು ಸಾಧ್ಯವಾಗಬಹುದು.

ಪ್ರಶ್ನೆ: ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇವೆ, ನಾಲ್ಕು ವಾರದ ಇಂಟರ್ನ್‌ಶಿಪ್ ಕಡ್ಡಾಯ. ಪೀಣ್ಯಕ್ಕೆ ಆರು ಜನ ಗೆಳೆಯರು ಹೋದೆವು, ಎಲ್ಲ ಕಡೆ ಗೇಟಿನಿಂದಲೇ ವಾಪಸ್ ಕಳಿಸಿದರು.
- ವಿದ್ಯಾರ್ಥಿ, ನೆಲಮಂಗಲ

ಉತ್ತರ: ಆರು ಜನರನ್ನು ಒಟ್ಟಿಗೆ ಕಂಡರೆ ಯಾವ ಸಣ್ಣ ಕಾರ್ಖಾನೆಯವರೂ ಹಿಂಜರಿಯುತ್ತಾರೆ. ಅವರ ದೊಡ್ಡ ಭಯ ಅಪಘಾತದ್ದು. ಇಬ್ಬಿಬ್ಬರಾಗಿ ಹೋಗಿ. ವಿಭಾಗದ ಮುಖ್ಯಸ್ಥರ ಪತ್ರದಲ್ಲಿ ದಿನಾಂಕಗಳೂ ನಿಮಗೆ ಅಪಘಾತ ವಿಮೆ ಇರುವ ವಿಷಯವೂ ಇರಲಿ. ವಿಮೆ ಇಲ್ಲದಿದ್ದರೆ ಮೊದಲು ಮಾಡಿಸಿಕೊಳ್ಳಿ. ಮೆಷಿನ್ ಮೇಲೆ ಕೆಲಸ ಕೇಳಬೇಡಿ, ಕ್ವಾಲಿಟಿ ವಿಭಾಗ ಕೇಳಿ. ಅಲ್ಲಿಗೆ ಡ್ರಾಯಿಂಗ್ ಓದಲು ಬರಬೇಕು, ವರ್ನಿಯರ್ ಮತ್ತು ಮೈಕ್ರೋಮೀಟರ್ ಹಿಡಿದು ಅಳೆಯಲು ಬರಬೇಕು. ಅಳೆಯುವ ಮೊದಲು ಸೊನ್ನೆ ದೋಷ (ಏನೂ ಅಳೆಯದಿದ್ದಾಗಲೂ ಸಾಧನ ಸೊನ್ನೆ ತೋರಿಸದಿರುವುದು) ನೋಡುವ ಅಭ್ಯಾಸವೂ ಇರಬೇಕು. ಸೇಫ್ಟಿ ಶೂ ನಿಮ್ಮದೇ ಕೊಂಡುಕೊಳ್ಳಿ. ಸರ್ಟಿಫಿಕೇಟಿಗೆ ಕಾಲೇಜಿನದೇ ನಮೂನೆ ಇದ್ದರೆ ಮೊದಲ ದಿನವೇ ಕೊಟ್ಟಿಡಿ. ಕೊನೆಯ ದಿನ ಕೊಟ್ಟರೆ ಸಹಿಗಾಗಿ ಮತ್ತೆ ಮತ್ತೆ ಅಲೆಯಬೇಕಾಗುತ್ತದೆ.