ದಿನದ ಓಡಾಟಕ್ಕೂ ಟ್ರ್ಯಾಕ್‌ಗೂ ಒಂದೇ ಬ್ರೇಕ್ ಪ್ಯಾಡ್ ಸಾಕಾ?

ನೀವು ಕೇಳಿದ್ದು ಇಷ್ಟು: ದಿನಾ ಓಡಿಸುವ ಕಾರು, ಬೆಟ್ಟದ ತಿರುವುಗಳಲ್ಲಿ ಸ್ವಲ್ಪ ಜೋರು, ಆಗೊಮ್ಮೆ ಈಗೊಮ್ಮೆ ರೇಸ್ ಟ್ರ್ಯಾಕ್. ನಾಲ್ಕೈದು ಸುತ್ತಿಗೇ ಬ್ರೇಕ್ ಕೈಕೊಟ್ಟಿದೆ. ಎರಡಕ್ಕೂ ಆಗುವ ಒಂದು ಪ್ಯಾಡ್ ಯಾವುದು?

ಎರಡಕ್ಕೂ ಪೂರ್ತಿ ಒಗ್ಗುವ ಪ್ಯಾಡ್ ಇಲ್ಲ. ನಾನು ಎರಡು ಸೆಟ್ ಇಟ್ಟುಕೊಂಡು ಬದಲಾಯಿಸುತ್ತೇನೆ. ಆದರೆ ನೀವು ಈಗಲೇ ಪ್ಯಾಡ್ ಕೊಳ್ಳಲು ಓಡಬೇಡಿ. ಕೈಕೊಟ್ಟಿದ್ದು ಪ್ಯಾಡೋ ಬ್ರೇಕ್ ಆಯಿಲ್ಲೋ ಅಂತ ಮೊದಲು ನೋಡಿ.

ಅದನ್ನು ಪೆಡಲೇ ಹೇಳುತ್ತದೆ. ಪೆಡಲ್ ಗಟ್ಟಿಯಾಗೇ ಇದೆ, ಎಷ್ಟು ತುಳಿದರೂ ಕಾರು ನಿಲ್ಲುತ್ತಿಲ್ಲ ಅಂದರೆ ಪ್ಯಾಡ್ ಸೋತಿದೆ. ಪ್ಯಾಡ್‌ನ ಪುಡಿಗಳನ್ನು ಹಿಡಿದಿಡುವ ರಾಳ ಕಾದು ಅನಿಲ ಬಿಡುತ್ತದೆ, ಚಕ್ರದ ಜೊತೆ ತಿರುಗುವ ಡಿಸ್ಕ್ ಮೇಲಿನ ಹಿಡಿತ ಹೋಗುತ್ತದೆ. ಇದನ್ನೇ ಫೇಡ್ ಅನ್ನುವುದು. ಅದರ ಬದಲು ಪೆಡಲ್ ಮೆತ್ತಗಾಗಿ ಕೆಳಗೆ ಇಳಿದುಹೋದರೆ, ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ನಲ್ಲಿರುವ ಆಯಿಲ್ ಕುದಿದಿದೆ. ಆಯಿಲ್ ಕುದಿದರೆ ಗುಳ್ಳೆ ಬರುತ್ತದೆ. ನೀವು ತುಳಿದ ಬಲವೆಲ್ಲ ಆ ಗುಳ್ಳೆ ಅಮುಕುವುದಕ್ಕೇ ಖರ್ಚಾಗುತ್ತದೆ. ಇದಕ್ಕೆ ಎಂಥ ದುಬಾರಿ ಪ್ಯಾಡ್ ಹಾಕಿದರೂ ಪ್ರಯೋಜನವಿಲ್ಲ.

ಮಾಮೂಲಿ ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರನ್ನು ಹೀರಿಕೊಳ್ಳುತ್ತದೆ. ಡಾಟ್ ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೂ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಬೀಳುತ್ತದೆ. ಡಾಟ್ 5.1ಕ್ಕೆ ಇದೇ ಲೆಕ್ಕ 260 ಮತ್ತು 180. ಟ್ರ್ಯಾಕ್‌ಗೆಂದೇ ಮಾಡಿದ ಕೆಲವು ಡಾಟ್ 4 ಆಯಿಲ್‌ಗಳು ಹೊಸದರಲ್ಲಿ 300 ಡಿಗ್ರಿ ದಾಟುತ್ತವೆ. ಡಾಟ್ 5 ಮಾತ್ರ ಬೇರೆ ಜಾತಿ, ಸಿಲಿಕೋನ್‌ನದು. ಹೆಸರು ಹತ್ತಿರ ಇದೆ ಅಂತ ಅದನ್ನು ತಂದು ಸುರಿಯಬೇಡಿ. ಎರಡು ವರ್ಷದಿಂದ ಆಯಿಲ್ ಬದಲಾಯಿಸದ ಕಾರಿಗೆ ಮೊದಲು ಬೇಕಾಗಿರುವುದು ಹೊಸ ಆಯಿಲ್. ಬ್ರೇಕ್ ಪೈಪಿನೊಳಗಿನ ಗಾಳಿ ಪೂರ್ತಿ ತೆಗೆಸಿ, ಇನ್ನೊಮ್ಮೆ ಟ್ರ್ಯಾಕ್‌ಗೆ ಹೋಗಿ ನೋಡಿ.

ಅದಾದ ಮೇಲೂ ಫೇಡ್ ಆದರೆ, ಆಗ ಪ್ಯಾಡ್ ವಿಷಯಕ್ಕೆ ಬನ್ನಿ.

ಪ್ಯಾಡ್ ಆರಿಸುವಾಗ ಎಲ್ಲರೂ ಕೇಳುವುದು "ಬೈಟ್ ಹೇಗಿದೆ?" ಅಂತ, ಅಂದರೆ ತುಳಿದ ತಕ್ಷಣ ಎಷ್ಟು ಕಚ್ಚುತ್ತದೆ ಅಂತ. ನನ್ನ ಪ್ರಕಾರ ಕೇಳಬೇಕಾದದ್ದು, ನಿಮ್ಮ ಡಿಸ್ಕ್ ಎಷ್ಟು ಬಿಸಿಯಾಗುತ್ತದೆ ಅಂತ. ಒಂದು ಲೆಕ್ಕ ನೋಡಿ. 1400 ಕೆ.ಜಿ. ತೂಕದ ಕಾರನ್ನು ಗಂಟೆಗೆ 60 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಿದರೆ ಸುಮಾರು 0.2 ಮೆಗಾಜೂಲ್ ಶಕ್ತಿ ಬಿಸಿಯಾಗಿ ಹೋಗುತ್ತದೆ. ಅದೇ ಕಾರನ್ನು 150ರಿಂದ 60ಕ್ಕೆ ಇಳಿಸಿದರೆ ಸುಮಾರು 1 ಮೆಗಾಜೂಲ್. ಅಂದರೆ ಐದು ಪಟ್ಟು, ಅದೂ ಕಾರು ಇನ್ನೂ ಓಡುತ್ತಲೇ ಇದೆ! ಟ್ರ್ಯಾಕ್‌ನಲ್ಲಿ ಇದು ಸುತ್ತಿಗೆ ಎರಡು ಮೂರು ಸಲ. ನಡುವೆ ಆರಲು ಸಮಯವಿಲ್ಲ. ಹೆಚ್ಚಿನ ಪಾಲು ಬೀಳುವುದು ಮುಂದಿನ ಡಿಸ್ಕ್‌ಗಳ ಮೇಲೆ. ಅವು 500 ಡಿಗ್ರಿ ದಾಟುವುದು ಅಲ್ಲಿ ಸಾಮಾನ್ಯ. ರಸ್ತೆಯಲ್ಲಿ ಎಷ್ಟು ಹುರುಪಿನಿಂದ ಓಡಿಸಿದರೂ ಅಷ್ಟು ಬಿಸಿ ಅಪರೂಪ. ಉದ್ದನೆಯ ಇಳಿಜಾರಿನಲ್ಲಿ ಗೇರ್ ಇಳಿಸದೆ ಬ್ರೇಕ್ ಮೇಲೇ ಕಾಲಿಟ್ಟು ಬರುವವರ ಮಾತು ಬೇರೆ.

ಅಪ್ಪಟ ಟ್ರ್ಯಾಕ್ ಪ್ಯಾಡ್ ಅಷ್ಟು ಬಿಸಿಯಲ್ಲೂ ಹಿಡಿತ ಬಿಡುವುದಿಲ್ಲ. ಆದರೆ ತಣ್ಣಗಿದ್ದಾಗ ಹಲವು ಟ್ರ್ಯಾಕ್ ಪ್ಯಾಡ್‌ಗಳಿಗೆ ಮಾಮೂಲಿ ಪ್ಯಾಡ್‌ನಷ್ಟೂ ಹಿಡಿತ ಇರುವುದಿಲ್ಲ. ಬೆಳಗ್ಗೆ ಮನೆ ಬಿಟ್ಟು ಮೊದಲ ತಿರುವಿನಲ್ಲೇ ಯಾರೋ ಅಡ್ಡ ಬಂದರೆ? ಮಳೆಯಲ್ಲಿ ಹೆದ್ದಾರಿ ಮೇಲೆ ಅರ್ಧ ಗಂಟೆ ಬ್ರೇಕ್ ಮುಟ್ಟದೆ ಹೋಗಿ, ಥಟ್ಟನೆ ತುಳಿಯಬೇಕಾದರೆ? ಸಾಲದ್ದಕ್ಕೆ ತಣ್ಣಗಿದ್ದಾಗ ಇವು ಡಿಸ್ಕನ್ನು ಉಜ್ಜಿ ತಿನ್ನುತ್ತವೆ, ಕಿರುಚುತ್ತವೆ. ಅವುಗಳ ಪುಡಿ ಅಲಾಯ್ ವೀಲ್‌ಗೆ ಅಂಟಿ, ನೀರು ತಾಗಿದರೆ ತುಕ್ಕಿನ ಕಲೆ ಬಿಡುತ್ತದೆ. ಕಿರುಚಾಟ ಸಹಿಸಬಹುದು, ತಣ್ಣನೆಯ ಬ್ರೇಕ್ ಸಹಿಸಬಾರದು. ಹಾಗಾಗಿ ಒಂದೇ ಸೆಟ್ ಅಂತ ಹಟ ಇದ್ದರೆ ರಸ್ತೆಯ ಕಡೆಗೇ ವಾಲುವ ಪ್ಯಾಡ್ ತಗೊಳ್ಳಿ. ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು ಹೊಡೆದು ಒಂದು ಸುತ್ತು ನಿಧಾನವಾಗಿ ಓಡಿಸಿ ಬ್ರೇಕ್ ತಣ್ಣಗಾಗಲು ಬಿಡಿ.

ಇನ್ನೊಂದು ತಪ್ಪು ಕಲ್ಪನೆ: ಒಳ್ಳೆಯ ಪ್ಯಾಡ್ ಹಾಕಿದರೆ ಕಾರು ಬೇಗ ನಿಲ್ಲುತ್ತದೆ ಅನ್ನುವುದು. ಈಗಿರುವ ಪ್ಯಾಡ್‌ನಲ್ಲೇ ಜೋರಾಗಿ ತುಳಿದರೆ, ಚಕ್ರ ಜಾಮ್ ಆಗಿ ಜಾರದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತದೆ ಅಲ್ವಾ? ಹಾಗಿದ್ದರೆ ಅಲ್ಲಿ ಮುಗಿದಿರುವುದು ಟಯರಿನ ಹಿಡಿತ, ಪ್ಯಾಡ್‌ನದಲ್ಲ. ನಿಲ್ಲುವ ದೂರ ಕಡಿಮೆಯಾಗಬೇಕಾದರೆ ಟಯರ್ ಬದಲಾಯಿಸಿ. ಪ್ಯಾಡ್ ಕೊಡುವುದು ಬೇರೆಯದನ್ನು. ಹತ್ತನೇ ಸಲವೂ ಮೊದಲ ಸಲದಷ್ಟೇ ಹಿಡಿಯುವುದು, ಕಾಲಿನ ಒತ್ತಡಕ್ಕೆ ತಕ್ಕಷ್ಟೇ ಹಿಡಿಯುವುದು, ಬಿಟ್ಟಾಗ ತಕ್ಷಣ ಬಿಡುವುದು. ಮುಟ್ಟಿದರೆ ಸಾಕು ಕಚ್ಚಿಕೊಳ್ಳುವ ಪ್ಯಾಡ್ ಮೊದಲ ದಿನ ಖುಷಿ ಕೊಡುತ್ತದೆ. ತಿರುವಿನೊಳಗೆ ಬ್ರೇಕನ್ನು ನಿಧಾನ ಬಿಡುತ್ತಾ ಹೋಗಬೇಕಾದಾಗ ಅದೇ ಪ್ಯಾಡ್ ತಲೆನೋವು.

ಕೆಲವು ಪ್ಯಾಡ್‌ಗಳ ಅಂಚಿನಲ್ಲಿ ಎರಡು ಅಕ್ಷರ ಇರುತ್ತವೆ, ಎಫ್‌ಎಫ್ ಅಥವಾ ಜಿಜಿ ಅಂತ. ಮೊದಲನೆಯದು ಮಾಮೂಲಿ ಬಿಸಿಯಲ್ಲಿನ, ಎರಡನೆಯದು ಇನ್ನೂ ಹೆಚ್ಚು ಬಿಸಿಯಾದಾಗಿನ ಘರ್ಷಣೆ. ಇ ಅಂದರೆ 0.25ರಿಂದ 0.35, ಎಫ್ 0.35ರಿಂದ 0.45, ಜಿ 0.45ರಿಂದ 0.55. ಇದನ್ನು ನೋಡಿ ಟ್ರ್ಯಾಕ್ ಪ್ಯಾಡ್ ಆರಿಸುವವರಿದ್ದಾರೆ. ಆದರೆ ಆ ಪರೀಕ್ಷೆ ನಡೆಯುವುದು ಒಂದು ಚದರ ಇಂಚಿನ ತುಂಡಿನ ಮೇಲೆ, ಸುಮಾರು 340 ಡಿಗ್ರಿವರೆಗೆ ಮಾತ್ರ. ನಿಮಗೆ ಬೇಕಾದ ಉತ್ತರ ಅದರಾಚೆ ಇದೆ. ತಯಾರಕರು ಕೊಡುವ ಬಿಸಿ–ಘರ್ಷಣೆಯ ಗೆರೆಚಿತ್ರ ಸಿಕ್ಕರೆ ಅದನ್ನು ನೋಡಿ. ಗೆರೆ ಎಷ್ಟು ಎತ್ತರ ಇದೆ ಅನ್ನುವುದಕ್ಕಿಂತ ಎಷ್ಟು ಸಪಾಟಾಗಿದೆ ಅನ್ನುವುದು ಮುಖ್ಯ.

ಪ್ಯಾಡ್‌ನ ಮಿಶ್ರಣ ಸೆರಾಮಿಕ್ಕೋ, ಲೋಹದ ಪುಡಿ ಸೇರಿದ ಸೆಮಿ ಮೆಟಾಲಿಕ್ಕೋ ಅನ್ನುವ ಚರ್ಚೆಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ರಸ್ತೆಯ ಸೆರಾಮಿಕ್ ಪ್ಯಾಡ್‌ಗಳು ಶಬ್ದ ಮತ್ತು ಪುಡಿ ಕಡಿಮೆ ಮಾಡಲು ಇರುವಂಥವು, ಅಷ್ಟೇ. ನಡುವಿನ ದಾರಿಗೆ ಫೆರೋಡೋ ಡಿಎಸ್2500 ತರಹದವು ತುಂಬಾ ಕಾಲದಿಂದ ಬಳಕೆಯಲ್ಲಿವೆ. ಹಾಕ್, ಪ್ಯಾಗಿಡ್, ಇಬಿಸಿ ಕೂಡ ರಸ್ತೆಗೆ ಬೇರೆ, ಟ್ರ್ಯಾಕ್‌ಗೆ ಬೇರೆ ಅಂತ ಪ್ಯಾಡ್ ಮಾಡುತ್ತವೆ. ಪೆಟ್ಟಿಗೆ ಮೇಲಿನ ಕಂಪನಿ ಹೆಸರಿಗಿಂತ ಒಳಗಿನ ಮಿಶ್ರಣದ ಹೆಸರು ಸರಿಯಾಗಿ ನೋಡಿ.

ಹಿಂದಿನ ಚಕ್ರಗಳನ್ನು ಮರೆಯಬೇಡಿ. ಬ್ರೇಕ್ ಹಾಕಿದಾಗ ತೂಕ ಮುಂದಕ್ಕೆ ಬಾಗುತ್ತದೆ, ಹಿಂದಿನ ಟಯರ್ ಹಗುರಾಗುತ್ತದೆ. ಹಿಂದೆ ಮಾತ್ರ ಜಾಸ್ತಿ ಹಿಡಿಯುವ ಪ್ಯಾಡ್ ಹಾಕಿದರೆ ಕಾರಿನ ಹಿಂಭಾಗ ಮುಂದೆ ಬರಲು ನೋಡುತ್ತದೆ. ಮುಂದೆ ಮಾತ್ರ ಹಾಕಿದರೆ ಅಷ್ಟು ಅಪಾಯವಿಲ್ಲ, ಆದರೆ ಹಿಂದಿನ ಬ್ರೇಕ್ ಸುಮ್ನೆ ಕೂತು ಮುಂದಿನವೇ ಎಲ್ಲ ಹೊರಬೇಕಾಗುತ್ತದೆ. ನಾನು ನಾಲ್ಕೂ ಕಡೆ ಒಂದೇ ಕಂಪನಿಯದು, ಹಿಂದೆ ಒಂದು ಮೆಟ್ಟಿಲು ಸೌಮ್ಯವಾದದ್ದು ಹಾಕುತ್ತೇನೆ.

ಹೊಸ ಪ್ಯಾಡನ್ನು ಡಿಸ್ಕ್‌ಗೆ ಪಳಗಿಸಬೇಕು. ಹೊಸ ಕಾವಲಿಯನ್ನು ಪಳಗಿಸುತ್ತೇವಲ್ಲ, ಹಾಗೆ. ಪ್ಯಾಡ್‌ನ ತೆಳು ಪದರ ಡಿಸ್ಕ್ ಮೇಲೆ ಸಮವಾಗಿ ಕೂರಬೇಕು. ಪೆಟ್ಟಿಗೆಯಲ್ಲಿ ಬರೆದ ಕ್ರಮವನ್ನೇ ಅನುಸರಿಸಿ. ಬಹುತೇಕ ಅದು ಖಾಲಿ ಜಾಗದಲ್ಲಿ 100ರ ಆಸುಪಾಸಿನಿಂದ 20ಕ್ಕೆ ಎಂಟು ಹತ್ತು ಸಲ ಇಳಿಸುವುದು, ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ತಣ್ಣಗಾಗಿಸುವುದು. ನಡುವೆ ಪೂರ್ತಿ ನಿಂತು ಪೆಡಲ್ ಒತ್ತಿ ಹಿಡಿಯಬೇಡಿ. ಹಿಡಿದರೆ ಪ್ಯಾಡ್‌ನ ಮಿಶ್ರಣ ಒಂದೇ ಕಡೆ ಅಂಟಿ ಸ್ಟೀರಿಂಗ್ ನಡುಗಲು ಶುರುವಾಗುತ್ತದೆ. "ಡಿಸ್ಕ್ ಬೆಂಡ್ ಆಗಿದೆ" ಅಂತ ಬದಲಾಯಿಸುವ ಎಷ್ಟೋ ಡಿಸ್ಕ್‌ಗಳ ಕಾಯಿಲೆ ಇದೇ.

ಎರಡು ಸೆಟ್ ಇಟ್ಟುಕೊಳ್ಳುವುದಾದರೆ ಎರಡೂ ಒಂದೇ ಡಿಸ್ಕ್‌ನ ಪದರಕ್ಕೆ ಹೊಂದುತ್ತವಾ ಅಂತ ಕೇಳಿ ತಗೊಳ್ಳಿ. ಹೊಂದದಿದ್ದರೆ ಟ್ರ್ಯಾಕ್‌ಗೆ ಬೇರೆ ಡಿಸ್ಕೇ ಇಟ್ಟುಬಿಡಿ. ಪ್ಯಾಡ್ ಬದಲಾಯಿಸುವುದು ಕಷ್ಟದ ಕೆಲಸವೇನಲ್ಲ. ಕ್ಯಾಲಿಪರ್ ಪಿನ್ ಸಲೀಸಾಗಿ ಜಾರುತ್ತಿದೆಯಾ ನೋಡಿಕೊಳ್ಳಿ, ಬೋಲ್ಟನ್ನು ಹೇಳಿದಷ್ಟೇ ಬಿಗಿ ಮಾಡಿ. ಕಾರು ಕದಲಿಸುವ ಮೊದಲು ಗಟ್ಟಿಯಾಗುವವರೆಗೂ ಪೆಡಲ್ ತುಳಿಯಿರಿ.

ಟ್ರ್ಯಾಕ್‌ಗೆ ಹೋಗುವಾಗ ಅರ್ಧಕ್ಕಿಂತ ಸವೆದ ಪ್ಯಾಡ್ ಬೇಡ. ತೆಳುವಾದಷ್ಟೂ ಬಿಸಿ ಬೇಗ ಆಯಿಲ್‌ಗೆ ದಾಟುತ್ತದೆ. ಸುತ್ತು ಮುಗಿಸಿ ಬಂದು ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಅಡ್ಡ ಏನಾದರೂ ಇಡಿ.