ನಂಬರ್ ಅಳಿಸಿದ ಹಳೆಯ ಬೈಕ್ ಎಂಜಿನ್: ಬಿಎಸ್‌ಎ ಎಂ20 ಇರಬಹುದಾ, ನಾರ್ಟನ್ 16ಎಚ್ ಇರಬಹುದಾ?
ನಿಮ್ಮ ಹತ್ತಿರ ಇರುವ ಎಂಜಿನ್ ಈ ಎರಡರಲ್ಲಿ ಯಾವುದು ಅಂತ ಕೇಳಿದ್ದೀರಿ. ಒಂದೇ ಸಿಲಿಂಡರ್, ಪುಶ್‌ರಾಡ್ ಟ್ಯೂಬ್ (ಮೇಲಿನ ಹೆಡ್‌ವರೆಗೆ ಹೋಗುವ ಕಡ್ಡಿಗಳ ಕೊಳವೆ) ಇಲ್ಲ, ವಾಲ್ವ್‌ಗಳು ಪಕ್ಕದಲ್ಲಿವೆ ಅಂದಿದ್ದೀರಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಓಡಿಸಿದ ಈ ಎರಡೂ ಬೈಕ್‌ಗಳದ್ದು ಸೈಡ್ ವಾಲ್ವ್ (ವಾಲ್ವ್ ಪಕ್ಕದಲ್ಲಿರುವ) ಎಂಜಿನ್‌ಗಳೇ, ಹಾಗಾಗಿ ನಿಮ್ಮ ಅನುಮಾನ ಸರಿಯಾಗಿದೆ. ಹೆಡ್ (ಸಿಲಿಂಡರ್‌ನ ಮೇಲಿನ ಮುಚ್ಚಳ) ಬಿಚ್ಚಿ ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, ಅಳೆಯಿರಿ. ಪಿಸ್ಟನ್ ಪೂರ್ತಿ ಮೇಲಿದ್ದಾಗ ಒಮ್ಮೆ, ಪೂರ್ತಿ ಕೆಳಗಿಳಿದಾಗ ಒಮ್ಮೆ. ವ್ಯತ್ಯಾಸ 94 ಮಿ.ಮೀ. ಇದ್ದರೆ ಎಂ20, 100 ಇದ್ದರೆ 16ಎಚ್. ಮೂಲ ಬೋರ್ (ಸಿಲಿಂಡರ್‌ನ ಒಳವ್ಯಾಸ) ಎಂ20ಗೆ 82 ಮಿ.ಮೀ., ನಾರ್ಟನ್‌ಗೆ 79. ಆದರೆ ಬೋರ್ ಒಂದನ್ನೇ ನಂಬಬೇಡಿ, ರೀಬೋರ್ ಆಗಿದ್ದರೆ (ಸವೆದ ಸಿಲಿಂಡರ್ ಕೊರೆದು ಅಗಲ ಮಾಡಿದ್ದರೆ) ಜಾಸ್ತಿ ಬರುತ್ತದೆ.

ಎಂ20 ಅನಿಸಿದರೆ ಕ್ರ್ಯಾಂಕ್‌ಕೇಸ್‌ನ (ಎಂಜಿನ್‌ನ ಕೆಳಗಿನ ಪೆಟ್ಟಿಗೆಯ) ಎಡಭಾಗದಲ್ಲಿ, ಸಿಲಿಂಡರ್ ಬುಡದ ಕೆಳಗೆ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಟಾರ್ಚ್ ಓರೆಯಾಗಿ ಹಿಡಿದು ನೋಡಿ. 'ಡಬ್ಲ್ಯೂಎಂ20' ಅಂತ ಕಂಡರೆ ಅದು ಯುದ್ಧಕಾಲದ ಬಿಎಸ್‌ಎ. ದಯವಿಟ್ಟು ಗ್ರೈಂಡರ್ ಹಾಕಬೇಡಿ, ಉಳಿದ ಅಕ್ಷರವೂ ಹೋಗಿಬಿಡುತ್ತದೆ.